ಬಟಾಣಿ ಮೇಷ್ಟ್ರ ಕೆಂಪು ಜುಬ್ಬ

ಹೋದ ತಿಂಗಳು ಹಬ್ಬದ ಹಿಂದಿನ ದಿನ ಮಂಡ್ಯದ ನಮ್ಮ ಬೀದಿಯಲ್ಲಿ ಎದುರು ಮನೆಯಾಕೆ ಬಕೆಟ್ಟಿನಲ್ಲಿ ಕೆಮ್ಮಣ್ಣು ಕಲೆಸಿಕೊಂಡು ಹೊಸ್ತಿಲಿಗೆ ಬಳಿಯುತ್ತಿದ್ದಳು. ನೆನೆದ ಕೆಮ್ಮಣ್ಣಿನ ವಾಸನೆ ನಮ್ಮ ಗೇಟಿನ ತನಕ ಬಂತು. ಹಾಲಿನ ಪಾಕೀಟು ತರಲು ಹೋದವಳು ಅಲ್ಲೇ ನಿಂತುಬಿಟ್ಟೆ. ಮಳವಳ್ಳಿಯ ಬಾಡಿಗೆ ಕೋಣೆಯ ಬಚ್ಚಲು, ಮೊಣಕೈತನಕ ಕೆಂಪಾದ ನನ್ನ ಕೈ, ಆ ಮೇಷ್ಟ್ರು...

ನಾನು ಮೊದಲು ಕೆಲಸಕ್ಕೆ ಸೇರಿದ ಮಳವಳ್ಳಿಯ ಖಾಸಗಿ ಹೈಸ್ಕೂಲಿನಲ್ಲಿ ಅವರು ಚರಿತ್ರೆಯ ಮೇಷ್ಟ್ರು. ನಾನು ಕನ್ನಡ ಕಲಿಸಲು ಬಂದವಳು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅವರಿಗೆ ನಿವೃತ್ತಿಗೆ ಎರಡೇ ವರ್ಷ ಬಾಕಿ. ದಿನಾ ಕೆರಗೋಡಿನಿಂದ ಮಂಡ್ಯಕ್ಕೆ ಬಂದು, ಅಲ್ಲಿ ಇನ್ನೊಂದು ಬಸ್ಸು ಹಿಡಿದು ಬರುತ್ತಿದ್ದರು. ಆದರೂ ಪ್ರಾರ್ಥನೆಗೆ ಒಂದು ದಿನವೂ ತಡವಾಗಿ ಬಂದದ್ದಿಲ್ಲ. ನಾನು ಶಾಲೆಯ ಹಿಂದಿನ ಬೀದಿಯಲ್ಲೇ ಇದ್ದುಕೊಂಡು ತಡವಾಗಿ ಹೋಗುತ್ತಿದ್ದೆ.

ಇಡೀ ಶಾಲೆ ಅವರನ್ನು ಬಟಾಣಿ ಮೇಷ್ಟ್ರು ಎನ್ನುತ್ತಿತ್ತು. ವಾಯವ್ಯ ಗಡಿಯ ಒಬ್ಬ ಪಠಾಣ್ ನಾಯಕನೆಂದರೆ ಅವರಿಗೆ ಪ್ರಾಣ. ಯಾವ ಪಾಠ ಶುರುವಾದರೂ ಗಂಟೆ ಹೊಡೆಯುವಷ್ಟರಲ್ಲಿ ಅವನ ಹತ್ತಿರ ಹೋಗಿ ನಿಲ್ಲುತ್ತಿತ್ತು. ಮಕ್ಕಳ ಬಾಯಲ್ಲಿ ಪಠಾಣ ಪಟಾಣಿಯಾಗಿ, ಪಟಾಣಿ ಬಟಾಣಿಯಾಗಿತ್ತು. ಅವರಿಗೂ ಗೊತ್ತಿತ್ತು. “ಅಂಗಾದ್ರೂ ಆ ಮನ್ಸನ ಎಸ್ರು ಗೆಪ್ತೀಲಿರ್ಲಿ ಬುಡಮ್ಮ” ಎನ್ನುತ್ತಿದ್ದರು.

ಆ ನಾಯಕನ ಬದುಕನ್ನು ನಾನು ಕೇಳಿದ್ದು ಸ್ಟಾಫ್ ರೂಮಿನಲ್ಲಿ, ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚಿಕೊಂಡು. ಮೊದಮೊದಲು ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಿದ್ದೆ, ಸುಳ್ಳೇಕೆ ಹೇಳಲಿ. ಆಮೇಲಾಮೇಲೆ ಡಬ್ಬಿ ಖಾಲಿಯಾದರೂ ಕೂತಿರುತ್ತಿದ್ದೆ. ದೊಡ್ಡ ಜಮೀನಿನ ಮನೆಯ ಹುಡುಗ. ಮನೆಮನೆಯಲ್ಲೂ ಬಂದೂಕು, ತಾತನ ಹಗೆ ಮೊಮ್ಮಗನ ತಲೆಗೆ ಬರುವ ಸೀಮೆ. ಅಲ್ಲಿ ಅವನು ಊರೂರು ತಿರುಗಿ ಶಾಲೆ ತೆರೆದ, ತನ್ನ ಜನರ ಕೈಯಿಂದ ಬಂದೂಕು ಕೆಳಗಿಡಿಸಿದ. ಬಿಳಿ ಬಟ್ಟೆ ಬೇಗ ಕೊಳೆಯಾಗುತ್ತದೆಂದು ಅವನ ಹಿಂದೆ ಬಂದವರೆಲ್ಲ ಅಂಗಿಗೆ ಇಟ್ಟಿಗೆಯ ಬಣ್ಣ ಹಾಕಿಕೊಂಡರು. ಬ್ರಿಟಿಷರು ಅವನನ್ನು ಮತ್ತೆ ಮತ್ತೆ ಜೈಲಿಗೆ ಹಾಕಿದರು. ಸ್ವಾತಂತ್ರ್ಯ ಬಂದಾಗ ದೇಶ ಎರಡಾಯಿತು. ಅವನಿಗೆ ಅದು ಬೇಡವಾಗಿತ್ತು, ಆದರೂ ಅವನ ನಾಡು ಗಡಿಯ ಆಚೆಗೆ ಹೋಯಿತು. ಅಲ್ಲಿ ತನ್ನ ಪಠಾಣರಿಗೆ ಒಂದು ಹೆಸರು, ಒಂದು ಹಕ್ಕು ಬೇಕೆಂದು ಕೇಳಿದ್ದಕ್ಕೆ ಹೊಸ ಸರ್ಕಾರವೂ ಜೈಲಿಗೆ ಹಾಕಿತು.

“ಪರಂಗಿಯೋರೂ ಆಕುದ್ರು, ಆಮೇಕೆ ತನ್ನೋರೂ ಆಕುದ್ರು. ಮನ್ಸ ಮಾತು ಮಾತ್ರ ಬದ್ಲಾಯಿಸ್ನಿಲ್ಲ ಕಣಮ್ಮ” ಎಂದು ಹೇಳಿ, ತಣ್ಣಗಾದ ಮುದ್ದೆಯನ್ನು ಮುರಿಯುತ್ತಿದ್ದರು.

ಆ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳಿಗೆ ದೇಶನಾಯಕರ ವೇಷದ ಸ್ಪರ್ಧೆ ಇಟ್ಟಿದ್ದರು. ಎಂಟನೇ ತರಗತಿಯ ಎತ್ತರದ ಹುಡುಗಿಯೊಬ್ಬಳಿಗೆ ಮೇಷ್ಟ್ರು ಪಠಾಣನ ವೇಷ ಹಾಕಿಸಲು ಹೊರಟರು. ತಮ್ಮದೇ ಹಳೆಯ ಬಿಳಿ ಜುಬ್ಬವೊಂದನ್ನು ನನ್ನ ಕೈಗೆ ಕೊಟ್ಟು, “ಇದುಕ್ಕೊಂಚೂರು ಬಣ್ಣ ಆಕ್ಕೊಡ್ತೀರಾ? ನಮ್ಮನೇಲಿ ಕೇಳುದ್ರೆ ನಂಗೇ ಬಣ್ಣ ಆಕ್ತಾಳೆ” ಎಂದರು. ಕೆಮ್ಮಣ್ಣಿನ ನೀರಿನಲ್ಲಿ ಎರಡು ಸಲ ಅದ್ದಿ ಒಣಗಿಸಿಕೊಟ್ಟೆ. ವೇದಿಕೆಯ ಮೇಲೆ ಹುಡುಗಿ ಬೆವತು, ಬಣ್ಣ ಬಿಟ್ಟು ಕುತ್ತಿಗೆಯೆಲ್ಲ ಕೆಂಪಾಯಿತು. “ನಾನು ಪಠಾಣರ ನಾಯಕ” ಎಂದದ್ದೇ ತಡ, ಹಿಂದಿನ ಸಾಲಿನವರು “ಬಟಾಣಿ” ಎಂದು ಕೂಗಿದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕದ್ದು ಮೇಷ್ಟ್ರೇ.

ಗಡಿಯಲ್ಲಿ ಗುಂಡು ಹಾರುತ್ತಿದ್ದ ಸುದ್ದಿ ಪೇಪರಿನಲ್ಲಿ ದಿನಾ ಬರುತ್ತಿದ್ದ ಕಾಲ ಅದು. ಯಾರೋ ಆಡಳಿತ ಮಂಡಳಿಗೆ ದೂರು ಕೊಟ್ಟರು. ಮೂರನೇ ದಿನ ಅಧ್ಯಕ್ಷರು ಹೆಡ್‌ಮಾಸ್ಟರ ಕೋಣೆಯಲ್ಲಿ ಬಂದು ಕೂತರು. ನಮ್ಮನ್ನೆಲ್ಲ ಕರೆಸಿದರು.

“ನಮ್ಮೋರು ಸಾಕಾಗ್ನಿಲ್ವಾ ಮೇಷ್ಟ್ರೇ? ಆ ಪಾಕಿಸ್ತಾನದೋನ್ನ ಯಾಕ್ ತಂದ್ರಿ?” ಎಂದರು. ಆಮೇಲೆ ನಮ್ಮೆಲ್ಲರ ಕಡೆ ತಿರುಗಿ, “ಬಟ್ಟೆಗೆ ಬಣ್ಣ ಆಕ್ಕೊಟ್ಟೋರ್ಯಾರು? ಅವ್ರೂ ಮನೆಗೋಗ್ಲಿ.”

ನನ್ನ ಉಗುರಿನ ಸಂದಿಯಲ್ಲಿ ಕೆಂಪು ಇನ್ನೂ ಹೋಗಿರಲಿಲ್ಲ. ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಮನೆಯಲ್ಲಿ ಅಪ್ಪ ಇರಲಿಲ್ಲ, ಇಬ್ಬರು ತಂಗಿಯರು ಓದುತ್ತಿದ್ದರು. ಈ ಕೆಲಸ ಹೋದರೆ ಮುಂದೇನು ಎಂಬುದೊಂದೇ ತಲೆಯಲ್ಲಿತ್ತು.

ಮೇಷ್ಟ್ರು ನನ್ನತ್ತ ನೋಡಲೂ ಇಲ್ಲ. “ನಾನೇ ಸಾರ್. ನಮ್ಮನೆ ಬಚ್ಲಲ್ಲೇ ಅದ್ದಿದ್ದು” ಎಂದರು.

ಅವರು ತಪ್ಪೊಪ್ಪಿಗೆ ಬರೆದುಕೊಡಬೇಕೆಂದು ತೀರ್ಮಾನವಾಯಿತು. ನನ್ನ ಅಕ್ಷರ ಚೆನ್ನಾಗಿದೆಯೆಂದು ಹೆಡ್‌ಮಾಸ್ಟರು ಆ ಪತ್ರವನ್ನು ನನ್ನಿಂದಲೇ ಬರೆಸಿದರು. ಅರಿವಿಲ್ಲದೆ ತಪ್ಪಾಗಿದೆ, ಮನ್ನಿಸಬೇಕು ಎಂದು ಬರೆದೆ. ಬರೆದೆನಲ್ಲ... ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಪೆನ್ನು ತೆಗೆದರು. ರುಜು ಹಾಕುತ್ತಾರೆ, ಎಲ್ಲ ಮುಗಿಯುತ್ತದೆ ಎಂದುಕೊಂಡೆ. ಅವರು ಮುಖ್ಯೋಪಾಧ್ಯಾಯ ಎಂಬಲ್ಲಿ ನಾನು ಬಿಟ್ಟಿದ್ದ ಮಹಾಪ್ರಾಣವನ್ನು ತಿದ್ದಿ ಕಾಗದ ವಾಪಸು ಕೊಟ್ಟರು.

“ಅಕ್ಸರ ಚೆಂದಾಗವೆ ಕಣಮ್ಮ. ಆದ್ರೆ ನಾನು ಅರಿವಿಲ್ದೆ ಮಾಡ್ನಿಲ್ವಲ್ಲ.”

ನಿವೃತ್ತಿ ಹತ್ತಿರವೆಂದು ಅವರನ್ನು ಮನೆಗೆ ಕಳಿಸದೆ, ಮಂಡಳಿಯದೇ ಇನ್ನೊಂದು ಶಾಲೆಗೆ, ಕೊಪ್ಪದ ಕಡೆಗೆ ಹಾಕಿದರು. ನಿವೃತ್ತಿಯಾಗುವ ತನಕ ಅವರು ಅಲ್ಲಿ ಪ್ರೈಮರಿ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟರಂತೆ. ನನ್ನ ಕೆಲಸ ಖಾಯಂ ಆಯಿತು, ತಂಗಿಯರು ಓದು ಮುಗಿಸಿದರು. ಈಗ ನಾನೇ ಇಲ್ಲಿ ಒಂದು ಶಾಲೆಯ ಹೆಡ್‌ಮಿಸ್ಟ್ರೆಸ್ಸು. ಕೆರಗೋಡು ಮಂಡ್ಯಕ್ಕೆ ದೂರವೇನಲ್ಲ, ಬೇಕಾದಷ್ಟು ಬಸ್ಸುಗಳಿವೆ. ಹೋಗಬೇಕು, ಹೋಗಬೇಕು ಎಂದುಕೊಂಡೇ ಇಷ್ಟು ವರ್ಷ ಕಳೆದೆ.

ಹಬ್ಬ ಮುಗಿದ ಮೇಲಿನ ಭಾನುವಾರ ಹೋದೆ. ಜಗಲಿಯಲ್ಲಿ ಅವರ ಹೆಂಡತಿ ಒಬ್ಬರೇ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಮೇಷ್ಟ್ರು ಹೋಗಿ ಮೂರು ವರ್ಷವಾಯಿತು ಎಂದರು. ಪಕ್ಕದಲ್ಲಿ ಕೂತು ನಾಲ್ಕು ಕಾಯಿ ಸುಲಿದು, ಆ ಜುಬ್ಬಕ್ಕೆ ಬಣ್ಣ ಹಾಕಿದವಳು ನಾನು ಎಂದೆ.

“ಗೊತ್ತು ಕಣವ್ವ” ಎಂದರು ಆಕೆ. “ನಮ್ಮನೆ ಬಚ್ಲಲ್ಲೇ ಅದ್ದಿದ್ದು ಅಂತ ಏಳಿವ್ನಿ, ಯಾರಾದ್ರೂ ಬಂದು ಕೇಳುದ್ರೆ ನೀನೂ ಅಂಗೇ ಏಳು ಅಂದಿದ್ರು. ನಾನೂ ಏಳವಾ ಅಂತ್ಲೇ ಕಾಯ್ಕಂಡಿದ್ದೆ. ಯಾರೂ ಕೇಳಕ್ಕೇ ಬರ್ನಿಲ್ಲ.”

ತಪ್ಪಾಯಿತು ಎನ್ನಬೇಕಾಗಿದ್ದದ್ದು ಮೇಷ್ಟ್ರಿಗೆ. ಅವರಿರಲಿಲ್ಲ.