ಚಿಕ್ಕಪ್ಪ ತಿನ್ನದ ಮೀನು

ಹಿನಕಲ್ ಕಡೆಯ ಲೋಹಕ್ಕೆ ಲೇಪ ಹಾಕುವ ಶೆಡ್‌ಗಳಲ್ಲಿ ನದಿಗೆ ವಿಷ ಬಿಡದಿದ್ದದ್ದು ನಮ್ಮ ಚಿಕ್ಕಪ್ಪನದು ಒಂದೇ ಎಂಬುದು ಮನೆಯವರೆಲ್ಲ ಹೇಳುವ ಮಾತು. ನನಗೆ ನಂಬಿಕೆಯಿಲ್ಲ. ಚರ್ಚಾಸ್ಪರ್ಧೆಗಳು ಹತ್ತಿಸಿದ ಚಟ ಅನ್ನಿ, ಎಲ್ಲರೂ ಒಪ್ಪಿದ್ದನ್ನು ಕಂಡರೆ ನನಗೆ ಕೈ ತುರಿಸುತ್ತದೆ. ಆದರೆ ಇವತ್ತು ತುರಿಕೆಯಲ್ಲ, ಭಯ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ, ಮಾಂಸ ಮುಟ್ಟದ ದಿನ, ಯಾದವಗಿರಿಯ ಅಕ್ಕನ ಅಡುಗೆಮನೆಯಲ್ಲಿ, ಚಿಕ್ಕಪ್ಪ ತಂದ ಊಟದ ಕ್ಯಾರಿಯರ್‌ನಿಂದ ಹುಣಸೆಹುಳಿಯಲ್ಲಿ ಕುದಿದ ನದಿ ಮೀನಿನ ವಾಸನೆ ಬರುತ್ತಿದೆ. ಆರು ತಿಂಗಳ ಬಸುರಿ ಅಕ್ಕ ಆಗಲೇ ಅನ್ನಕ್ಕೆ ಕೈ ಹಾಕಿದ್ದಾಳೆ.

ಶೆಡ್ ಈಗಿಲ್ಲ. ಇದ್ದಾಗ ಅಲ್ಲಿ ಸೈಕಲ್ ಹ್ಯಾಂಡಲ್, ನಲ್ಲಿಗಳಿಗೆ ನಿಕ್ಕಲ್, ಕ್ರೋಮಿಯಂ ಏರಿಸುತ್ತಿದ್ದರು. ತೊಳೆದ ನೀರು ಸುಣ್ಣದ ಗುಂಡಿಗೆ, ಅಲ್ಲಿಂದ ಸಿಮೆಂಟ್ ತೊಟ್ಟಿಗೆ, ಆಮೇಲೆ ಮೋರಿ ಹಿಡಿದು ನದಿಗೆ. ತೊಟ್ಟಿಯಲ್ಲಿ ನಾಲ್ಕು ಮೀನು. ಅವೇ ಚಿಕ್ಕಪ್ಪನ ಸಾಕ್ಷಿಗಳು.

“ಮೀನು ಬದುಕ್ಯದೆ ಅಂದ್ರೆ ನೀರು ಚೆಂದಾಗಿ ಅದೆ ಅಂತ ಕಣಮ್ಮ. ಇದ್ಕಿಂತ ಲ್ಯಾಬು ಬೇಕಾ?”

ಬೇಡವೆಂದೇ ನಾನೂ ನಂಬಿದ್ದೆ. ಶಾಲೆಯ ಚರ್ಚೆಯಲ್ಲಿ ಇದೇ ವಾದ ಹೂಡಿ, ಎದುರಾಳಿ ಹುಡುಗಿಯನ್ನು ಅಳಿಸಿ, ಕಪ್ ಗೆದ್ದೆ. ಚಿಕ್ಕಪ್ಪ ಅದಕ್ಕೆ ಮತ್ತೊಂದು ಸಲ ಹೊಳಪು ಏರಿಸಿಕೊಟ್ಟರು. ನೋಡಿ, ನನ್ನ ಮೊದಲ ಗೆಲುವೇ ಲೇಪದ್ದು. ಈಚೆಗೆ ಕಪ್ಪಿನ ಆ ಲೇಪವೂ ಹಪ್ಪಳದಂತೆ ಎದ್ದು ಬರುತ್ತಿದೆ.

ಒಂದು ಭಾನುವಾರ ನೋಡಿದಾಗ ತೊಟ್ಟಿಯ ಆ ನಾಲ್ಕು ಮೀನಿನಲ್ಲಿ ಒಂದರ ಬಾಲ ಹರಿದಿತ್ತು. ಮುಂದಿನ ಭಾನುವಾರ ಚರ್ಚಿನ ಪೂಜೆ ಮುಗಿಸಿ ಶೆಡ್‌ಗೆ ಹೋದರೆ ನಾಲ್ಕಕ್ಕೂ ಬಾಲ ನೆಟ್ಟಗಿದೆ.

“ಬೆಳ್ಕೊಂಡ್ಬುಡ್ತು ಕಣಮ್ಮ,” ಎಂದರು.

ಮೀನಿನ ಬಾಲ ಬೆಳೆಯುತ್ತದೆ, ನಿಜ. ಒಂದೇ ವಾರದಲ್ಲಿ?

ಹೋಗಲಿ, ಮೀನು ಬದಲಾಗಿರಲಿಲ್ಲವೆಂದೇ ಇಟ್ಟುಕೊಳ್ಳೋಣ. ಬದುಕಿರುವ ಮೀನು ಏನನ್ನು ಸಾಬೀತು ಮಾಡುತ್ತದೆ? ಅದಿನ್ನೂ ಸತ್ತಿಲ್ಲ ಎಂಬುದನ್ನು, ಅಷ್ಟೆ. ಲೋಹ ಕೊಳೆಯುವ ವಸ್ತುವಲ್ಲ. ನದಿಯ ತಳದ ಕೆಸರಿನಲ್ಲಿ ಕೂರುತ್ತದೆ, ಕೆಸರು ಕೆದಕುವ ಹುಳುವಿನೊಳಗೆ, ಹುಳು ತಿಂದ ಮೀನಿನ ಕಿವಿರು, ಪಿತ್ತಜನಕಾಂಗಗಳಿಗೆ ಸೇರುತ್ತದೆ. ಮೀನು ಈಜುತ್ತಲೇ ಇರುತ್ತದೆ. ಶೆಡ್ ಮುಚ್ಚಿದರೂ ಕೆಸರು ಎಲ್ಲಿಗೂ ಹೋಗುವುದಿಲ್ಲ.

ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಓದದೆಯೇ ತಿಳಿಯಬಹುದಾಗಿದ್ದ ಸಂಗತಿಯೊಂದಿತ್ತು. ಪ್ರತಿ ಶುಕ್ರವಾರ ಚಿಕ್ಕಮ್ಮ ನಮಗೆಲ್ಲ ನದಿ ಮೀನಿನ ಸಾರು ಬಡಿಸುವಾಗ ಚಿಕ್ಕಪ್ಪ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದರು. “ನಂಗ್ಬೇಡ ಬುಡು, ಮುಳ್ಳು ಜಾಸ್ತಿ.” ಅವರಿಗೆ ಬೇರೆಯಾಗಿ ಸಮುದ್ರದ ಬೂತಾಯಿ ಹುರಿದಿರುತ್ತಿತ್ತು. ಬೂತಾಯಿ ತಿಂದವರಿಗೆ ಗೊತ್ತು, ಅದರ ಮೈಯೆಲ್ಲ ಮುಳ್ಳು. ಚಿಕ್ಕಪ್ಪ ಅದನ್ನು ಚೊಕ್ಕವಾಗಿ ಬಿಡಿಸಿ ತಿನ್ನುತ್ತಿದ್ದರು. ಎದುರಾಳಿಯ ಒಂದು ಪದ ತಪ್ಪಿದರೂ ಹಿಡಿಯುತ್ತಿದ್ದ ನನಗೆ, ಎದುರಿಗಿನ ತಟ್ಟೆ ಅಷ್ಟು ವರ್ಷ ಕಾಣಲಿಲ್ಲ.

ನಾನು ಅಕ್ಕನ ತಟ್ಟೆಯನ್ನು ನನ್ನ ಕಡೆ ಎಳೆದುಕೊಂಡೆ.

“ಏ, ಹಸಿವಾಗ್ತಿದೆ ಕಣೇ! ನಿನ್ನ ಭಾಷಣ ಆಮೇಲೆ,” ಎಂದಳು ಅಕ್ಕ.

“ತಿನ್ಲಿ ಬುಡಮ್ಮ,” ಎಂದರು ಚಿಕ್ಕಪ್ಪ, ಕ್ಯಾರಿಯರ್‌ನ ಮುಚ್ಚಳ ಒರೆಸುತ್ತಾ. “ಬಸ್ರಿ ಹೆಂಗ್ಸು. ಹೊಳೆ ಮೀನು ಒಳ್ಳೇದು.”

ವಾದಿಸಲು ಮನಸ್ಸಾಗಲಿಲ್ಲ. ಇನ್ನೊಂದು ತಟ್ಟೆ ತಂದು, ದೊಡ್ಡ ತುಂಡನ್ನೇ ಆರಿಸಿ ಬಡಿಸಿ, ಅವರ ಮುಂದಿಟ್ಟೆ.

“ಚಿಕ್ಕಪ್ಪ, ಮೊದಲು ನೀವು ತಿಂತೀರಾ?”