ಮೇಲ್ಮನೆ ಅಂಕಲ್ ಹೇಳಿಕೊಟ್ಟ ಮಿಲಿಟರಿ ರನ್‌ವೇ

ಮೊನ್ನೆ ವಿಮಾನ ಇಳಿಸಿ ಕೆಳಗೆ ಬಂದಾಗ, ಇಂಧನದ ಲಾರಿಯ ಪಕ್ಕ ಸೀಮೆಎಣ್ಣೆಯಂಥ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ನನಗೆ ದಿನನಿತ್ಯದ ವಾಸನೆಯೇ ಅದು. ಅಂದು ಯಾಕೋ ಆರ್‌ಪಿಸಿ ಲೇಔಟಿನ ನಮ್ಮ ಮನೆಯ ತಾರಸಿ ನೆನಪಾಯಿತು. ಮೇಲ್ಮನೆ ಅಂಕಲ್ ಭಾನುವಾರ ಅಲ್ಲಿ ಕೂತು ಸೀಮೆಎಣ್ಣೆ ಬಟ್ಟೆಯಲ್ಲಿ ಸೈಕಲ್ ಚೈನು ಒರೆಸುತ್ತಿದ್ದರು...

ವಾಯುಪಡೆಯ ಕಂಟ್ರೋಲ್ ಟವರಿನಲ್ಲಿದ್ದು ನಿವೃತ್ತರಾದವರು. ಒಂಟಿ. ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದರು. ಹಬ್ಬಕ್ಕೆ ಅಮ್ಮ ಊಟಕ್ಕೆ ಕರೆದರೂ ತಟ್ಟೆ ಮೇಲಕ್ಕೊಯ್ದು ಒಬ್ಬರೇ ಉಣ್ಣುತ್ತಿದ್ದರು. ನಾನು ಪೈಲಟ್ ತರಬೇತಿಗೆ ಸೇರಿದ ಮೇಲೆಯೇ ಅವರು ಮಾತಿಗೆ ಸಿಕ್ಕಿದ್ದು.

“ಮಿಲಿಟರಿ ರನ್‌ವೇ ಕೊನೇಲಿ ಬಲೆ ಇರುತ್ತೆ ಕಣಮ್ಮ, ನಿಲ್ಲದೆ ನುಗ್ಗೋ ಫೈಟರ್ ಹಿಡಿಯೋಕೆ. ಅದು ಎದ್ದಿದ್ಯಾ, ಮಲಗಿದ್ಯಾ ಕೇಳ್ಕೋ. ಪರ್ಮಿಷನ್ ಇಲ್ದೆ ಒಳಗೆ ಹೋಗ್ಬೇಡ. ಆದ್ರೆ ಕಷ್ಟ ಬಂದಾಗ ಕೇಳೋಕೆ ಮಾತ್ರ ಹೆದರ್ಬೇಡ.”

ಯಾಕಿಷ್ಟು ಒತ್ತಿ ಹೇಳುತ್ತೀರಿ ಎಂದೆ. ಅಂಕಲ್ ಬಟ್ಟೆ ಕೆಳಗಿಟ್ಟರು.

“ಒಂದು ಪುಟ್ಟ ವಿಮಾನ. ಯಾರೋ ಕಲಿಯೋ ಹುಡುಗ. ಮಳೇಲಿ ದಾರಿ ತಪ್ಪಿ ನಮ್ಮ ಏರ್‌ಫೀಲ್ಡ್ ಹೊರಗೇ ಸುತ್ತಿದ. ನಾನು ರೇಡಿಯೋಲಿ ಕರೀತಾನೇ ಇದ್ದೆ. ಅವನಿಗೆ ಕೇಳಿಸ್ತೋ ಇಲ್ವೋ... ಮಿಲಿಟರಿ ಜಾಗ ಅಂತ ಹೆದರ್ಕೊಂಡ್ನೋ. ರನ್‌ವೇ ಖಾಲಿ ಇತ್ತಮ್ಮ. ಒಂದು ಸಲ ಕೇಳಿದ್ರೆ ಸಾಕಿತ್ತು.”

ಮರುದಿನ ಅದರ ಅವಶೇಷ ಗುಡ್ಡದ ಮೇಲೆ ಸಿಕ್ಕಿತಂತೆ.

ಮರುವರ್ಷ ತರಬೇತಿಯಲ್ಲಿ ಒಬ್ಬಳೇ ಹಾರುತ್ತಿದ್ದೆ. ಮುಂದೆ ಮೋಡ ಕಟ್ಟಿತು, ಹಿಂದಿನ ದಾರಿಯೂ ಮುಚ್ಚಿತು. ಹತ್ತಿರವಿದ್ದದ್ದು ಒಂದು ಮಿಲಿಟರಿ ಏರ್‌ಫೀಲ್ಡ್ ಮಾತ್ರ. ಲೈಸೆನ್ಸ್ ಹೋದೀತು, ಹಿಡಿದು ಕೂರಿಸಿಯಾರು ಎಂದು ಹೆದರಿದೆ. ಅಂಕಲ್ ನೆನಪಾದರು. ರೇಡಿಯೋದಲ್ಲಿ ಅಲ್ಲಿನ ಟವರನ್ನು ಕರೆದೆ. ಕಷ್ಟ ಹೇಳಿದೆ. ಶಾಂತ ದನಿಯೊಂದು ಇಳಿಯಲು ಒಪ್ಪಿಗೆ ಕೊಟ್ಟಿತು. ಬಲೆಯ ಬಗ್ಗೆ ಕೇಳಿದೆ. ಕೆಳಗಿದೆ, ಬನ್ನಿ ಅಂದರು. ಇಳಿದ ಮೇಲೆ ಸಂಜೆಯವರೆಗೂ ವಿಚಾರಣೆ ನಡೆಯಿತು. ನಡುವೆ ಯಾರೋ ಚಹಾ ತಂದುಕೊಟ್ಟರು.

ಇದನ್ನು ಅಂಕಲ್‌ಗೆ ಎದುರಿಗೇ ಹೇಳಬೇಕೆಂದು ರಜೆ ಸಿಗುವವರೆಗೂ ಕಾದೆ. ಮನೆಗೆ ಬಂದವಳು ಬ್ಯಾಗನ್ನೂ ಇಳಿಸದೆ ಮೆಟ್ಟಿಲು ಹತ್ತಹೊರಟೆ.

“ಅಂಕಲ್ ಹೋಗ್ಬಿಟ್ರು ಕಣೇ,” ಎಂದಳು ಅಮ್ಮ. “ನಿದ್ದೇಲೇ. ನಿನ್ನ ಪರೀಕ್ಷೆ ಮುಗೀಲಿ ಅಂತ ಹೇಳ್ಲಿಲ್ಲ.”

ಈಗ ಆ ಮಹಡಿಯಲ್ಲಿ ಬೇರೆ ಸಂಸಾರವಿದೆ. ನಾನೋ ಊರೂರಿನ ಹೋಟೆಲ್ ಕೋಣೆಗಳಲ್ಲಿ ಮಲಗೇಳುತ್ತೇನೆ. ಆ ಹುಡುಗ ದಾರಿ ತಪ್ಪಿದ ಮಳೆಯ ದಿನದಿಂದ ಅವರು ಕಾದಿದ್ದ ‘ಇಳಿಯಲೇ?’ ಎಂಬ ಒಂದು ಮಾತನ್ನು ನಾನು ಬೇರೆ ಯಾವುದೋ ಟವರಿಗೆ ಹೇಳಿದ್ದೆ. ಅವರಿಗೆ ಮಾತ್ರ ಅದು ತಿಳಿಯಲೇ ಇಲ್ಲ.