ಸಿಸ್ಟರಮ್ಮನ ನಾಲಿಗೆ ಮೇಲೆ ನಿಂತ ಮಾತು

ಹೆರಿಗೆ ವಾರ್ಡಿನಲ್ಲಿ ಅವಳನ್ನು ಎಲ್ಲರೂ ಸಿಸ್ಟರಮ್ಮ ಅಂತಲೇ ಕರೆಯುತ್ತಿದ್ದರು. ನೋವು ತಿನ್ನುವ ಹೆಂಗಸರ ಬೆನ್ನು ನೀವುತ್ತಾ, "ದೇವರಿದ್ದಾನೆ ಕಣಮ್ಮ, ಎಲ್ಲ ಸಲೀಸಾಗುತ್ತೆ" ಅನ್ನುವುದು ಅವಳ ಅಭ್ಯಾಸ. "ಇವರ ಮಾತು ಕೇಳಿ ಮಗು ತಾನಾಗೇ ಇಳಿದು ಬರುತ್ತೆ" ಎಂದು ಆಯಾ ನಗಾಡುತ್ತಿದ್ದಳು.

ಒಂದು ಮಧ್ಯಾಹ್ನ ಹೊಲಿಗೆ ಕೆಲಸದ ಹೆಂಗಸೊಬ್ಬಳಿಗೆ ಮಗು ಹುಟ್ಟಿತು, ಅಳಲಿಲ್ಲ. ಡಾಕ್ಟರು ಎಷ್ಟು ಒದ್ದಾಡಿದರೂ ಉಳಿಯಲಿಲ್ಲ. ಸಂಜೆ ಸಿಸ್ಟರಮ್ಮ ಹಾಸಿಗೆ ಬಟ್ಟೆ ಬದಲಿಸಲು ಹೋದಾಗ ಆ ತಾಯಿ ಕೇಳಿದಳು, ಸಿಟ್ಟೇನೂ ಇಲ್ಲದೆ: "ದೇವರಿದ್ದಾನೆ ಅಂದ್ರಲ್ಲ, ಇದ್ದೂ ಹೀಗ್ಮಾಡಿದನಾ?"

"ಅವನ ಮನಸ್ಸಲ್ಲೇನಿದೆಯೋ ನಮಗೆಲ್ಲಿ ತಿಳಿಯುತ್ತಮ್ಮ."

"ಹಾಗಾದ್ರೆ ಸಲೀಸಾಗುತ್ತೆ ಅನ್ನೋದು ಹೇಗೆ ತಿಳೀತು?"

ಸಿಸ್ಟರಮ್ಮ ಹೊದಿಕೆಯ ಅಂಚನ್ನು ಮಡಚಿ ಹಾಸಿಗೆಯಡಿ ಸಿಕ್ಕಿಸಿದಳು. ಅಂದಿನಿಂದ ಆ ಮಾತು ಬಾಯಿಯವರೆಗೆ ಬಂದು ಅಲ್ಲೇ ನಿಲ್ಲತೊಡಗಿತು. ಪ್ರಾರ್ಥನೆಗೆ ಕೂತರೆ ಒಂದೇ ಪ್ರಶ್ನೆ ಎದ್ದುಬರುತ್ತಿತ್ತು: ಇಷ್ಟು ವರ್ಷ ಯಾರ ಪರವಾಗಿ ಮಾತು ಕೊಡುತ್ತಿದ್ದೆ, ಯಾರು ಕೊಡು ಅಂದಿದ್ದರು?

ಆಗ ಸಿಸ್ಟರಮ್ಮನ ಮಗಳು ತುಂಬು ಬಸುರಿ. ಹೆರಿಗೆಗೆ ಅದೇ ವಾರ್ಡಿಗೆ ಬಂದಳು. ನೋವು ಜಾಸ್ತಿಯಾದಾಗ ತಾಯಿಯ ಮುಂಗೈ ಗಟ್ಟಿಯಾಗಿ ಹಿಡಿದು, "ಅಮ್ಮಾ, ಊರವರಿಗೆಲ್ಲ ಹೇಳ್ತೀಯ. ನನಗೂ ಹೇಳು" ಎಂದಳು.

ಸಿಸ್ಟರಮ್ಮ ಮಗಳ ಹಣೆಯ ಬೆವರು ಒರೆಸಿದಳು. ಹೇಳಿದರೆ ಸುಳ್ಳಾದೀತು, ಹೇಳದಿದ್ದರೆ ಹುಡುಗಿ ಕುಸಿದಾಳು.

"ಅವನು ಏನು ಮಾಡ್ತಾನೋ ನಂಗೊತ್ತಿಲ್ಲ ಪುಟ್ಟಿ. ಬೇಡ್ಕೊಳ್ತಾ ಇದೀನಿ. ನಿನ್ನ ಕೈಯಂತೂ ಬಿಡಲ್ಲ."

ಮಗಳು ಒಂದು ಕ್ಷಣ ಹೆದರಿ ನೋಡಿದಳು. ಆಮೇಲೆ ಹಲ್ಲು ಕಚ್ಚಿ ತಿಣುಕಿದಳು.

ಮಗು ಬಂತು. ಕೂಡಲೇ ಅಳಲಿಲ್ಲ, ಕೊನೆಗೂ ಕಿರ್ರೆಂದು ಅತ್ತಿತು. ಹೊರಗೆ ಬೀಗಿತ್ತಿ ಕಣ್ಣೊರೆಸಿಕೊಂಡು, "ನೀವು ಮಾಡಿದ ಪುಣ್ಯ, ದೇವರು ಕೈಬಿಡಲಿಲ್ಲ" ಎಂದರು.

"ಹಾಗನ್ನಬೇಡಿ" ಎಂದಳು ಸಿಸ್ಟರಮ್ಮ. ದನಿ ತಾನಂದುಕೊಂಡದ್ದಕ್ಕಿಂತ ಒರಟಾಗಿತ್ತು. "ಅವನು ಕೈಬಿಟ್ಟವರು ಮಾಡಿದ ಪಾಪವೇನು ಅಂತ ಆಮೇಲೆ ನಾನೇ ಹೇಳಬೇಕಾಗುತ್ತೆ."

ಬೀಗಿತ್ತಿಗೆ ಏನೂ ಅರ್ಥವಾಗಲಿಲ್ಲ. ಸಿಸ್ಟರಮ್ಮ ಒಳಗೆ ಹೋಗಿ ಮೊಮ್ಮಗಳ ಮೂಗಿನ ಬಳಿ ಬೆರಳಿಟ್ಟಳು. ಉಸಿರು ಬೆಚ್ಚಗೆ ತಾಗಿತು. ಬೆರಳು ತೆಗೆದಳು, ಮನಸ್ಸು ತಡೆಯದೆ ಮತ್ತೆ ಇಟ್ಟಳು.